ಅರ್ಮೇನಿಯನ್ನರು ಮೂಲತಃ ಎಲ್ಲಿಯವರು? ಜಗತ್ತಿನಾದ್ಯಂತ ಚದುರಿದ್ದು ಹೇಗೆ?

ಅರ್ಮೇನಿಯನ್ನರ ಮೂಲನೆಲೆ ಇಂದಿನ ಪೂರ್ವ ತುರ್ಕಿಯ ವಾನ್ ಸರೋವರ ಹಾಗೂ ಅರಾರತ್ ಪರ್ವತದ ಸುತ್ತಲಿನ ಪ್ರಸ್ಥಭೂಮಿ. ಅಲ್ಲಿದ್ದ ಉರಾರ್ಟು ರಾಜ್ಯದ ಜನರೂ ಇಂಡೋ-ಯುರೋಪಿಯನ್ ಭಾಷೆಯೊಂದನ್ನು ಆಡುತ್ತಿದ್ದವರೂ ಬೆರೆತು ಈ ಜನಾಂಗ ರೂಪುಗೊಂಡಿತೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ, ಕ್ರಿ.ಪೂ. 520ರ ಸುಮಾರಿನ, ಪರ್ಷಿಯಾದ ದೊರೆ ಡೇರಿಯಸ್‌ನ ಬೆಹಿಸ್ತುನ್ ಶಾಸನದಲ್ಲಿಯೇ ಅರ್ಮೇನಿಯದ ಹೆಸರಿದೆ. 4ನೇ ಶತಮಾನದ ಆರಂಭದಲ್ಲಿ ರಾಜಧರ್ಮವಾದ ಕ್ರೈಸ್ತಮತ, 405ರ ಸುಮಾರಿಗೆ ಮೆಸ್ರೋಪ್ ಮಾಷ್ತೊತ್ಸ್ ರೂಪಿಸಿದ ಲಿಪಿ, ಇವೆರಡೂ ರಾಜ್ಯವಿಲ್ಲದ ಶತಮಾನಗಳಲ್ಲಿಯೂ ಅವರನ್ನು ಒಂದಾಗಿ ಹಿಡಿದಿಟ್ಟವು.

ಚದುರುವಿಕೆಗೆ 1915ರಲ್ಲಿ ಒಟ್ಟೋಮನ್ (ತುರ್ಕಿ) ಸಾಮ್ರಾಜ್ಯದಲ್ಲಿ ನಡೆದ ಅರ್ಮೇನಿಯನ್ನರ ನರಮೇಧವೊಂದೇ ಕಾರಣವೆಂಬುದು ಅರ್ಧಸತ್ಯ. 17ನೇ ಶತಮಾನದ ಆರಂಭದಲ್ಲಿಯೇ ಪರ್ಷಿಯಾದ ದೊರೆ ಷಾ ಅಬ್ಬಾಸ್ ಜುಲ್ಫಾ ಪಟ್ಟಣದ ಅರ್ಮೇನಿಯನ್ನರನ್ನು ಬಲವಂತವಾಗಿ ತನ್ನ ರಾಜಧಾನಿ ಇಸ್ಫಹಾನಿಗೆ ಸಾಗಿಸಿದ್ದನು. ಅಲ್ಲಿ ರೇಷ್ಮೆ ವ್ಯಾಪಾರದಿಂದ ಬೆಳೆದ ಅವರ ವರ್ತಕಜಾಲ ನಮ್ಮ ಮದ್ರಾಸಿನವರೆಗೂ ಚಾಚಿತು. ಜಗತ್ತಿನ ಮೊದಲ ಅರ್ಮೇನಿಯನ್ ಪತ್ರಿಕೆ ‘ಅಜ್ದರಾರ್’ ಅಚ್ಚಾದದ್ದು, ಅಚ್ಚರಿಯೆನಿಸಿದರೂ, 1794ರಲ್ಲಿ ಅಲ್ಲಿಯೇ. ಆದರೆ ಸಾಮೂಹಿಕ ವಲಸೆಗೆ ಕಾರಣವಾದದ್ದು ಒಟ್ಟೋಮನ್ ಆಡಳಿತ ನಡೆಸಿದ ನರಮೇಧವೇ. ಸಿರಿಯಾದ ಮರುಭೂಮಿಯತ್ತ ಅಟ್ಟಲ್ಪಟ್ಟು ಬದುಕುಳಿದವರು ಅಲೆಪ್ಪೊ, ಬೈರೂತ್‌ಗಳಲ್ಲಿಯೂ, ಮುಂದೆ ಫ್ರಾನ್ಸ್, ಅಮೆರಿಕಗಳಲ್ಲಿಯೂ ನೆಲೆಸಿದರು. ಇಂದು ಅರ್ಮೇನಿಯದಲ್ಲಿರುವ ಸುಮಾರು 30 ಲಕ್ಷ ಜನರಿಗಿಂತ ಹೊರಗಿರುವವರೇ ಹೆಚ್ಚು. ಅವರಲ್ಲಿ ದೊಡ್ಡ ಪಾಲು ರಷ್ಯಾದಲ್ಲಿದೆ.