ಕಸಿ ಮಾಡಿಸಿದ ಕೂದಲು ನಾಲ್ಕನೇ ವಾರದಲ್ಲಿ ಉದುರುತ್ತಿದ್ದರೆ

ಕಸಿಯಾಗಿ 25 ದಿನಕ್ಕೆ ನೆಟ್ಟ ಕೂದಲು ಉದುರುತ್ತಿದೆ ಎಂದಿದ್ದೀರಿ. ಇದು ಬಹುತೇಕ ಶಾಕ್ ಲಾಸ್. ಜಾಗ ಬದಲಾದ ಆಘಾತಕ್ಕೆ ಬುಡ ವಿಶ್ರಾಂತಿಗೆ ಹೋಗಿ ಎಳೆ ಮಾತ್ರ ಕಳಚುತ್ತದೆ, ಬುಡ ಚರ್ಮದೊಳಗೇ ಇರುತ್ತದೆ. ನನಗೂ ಹೀಗೇ ಆಗಿತ್ತು.

ಮೊದಲು ನೆತ್ತಿ ನೋಡಿಕೊಳ್ಳಿ. ಕೀವು, ಹೆಚ್ಚುತ್ತಿರುವ ನೋವು ಅಥವಾ ಜ್ವರ ಇದ್ದರೆ ಇವತ್ತೇ ಸರ್ಜನ್‌ಗೆ ತೋರಿಸಿ. ಇಲ್ಲದಿದ್ದರೆ ಉಗುರು ತಾಗಿಸದೆ ಮೃದುವಾಗಿ ತೊಳೆಯುತ್ತಿರಿ. ಮಿನಾಕ್ಸಿಡಿಲ್, ಫಿನಾಸ್ಟರೈಡ್ ಬರೆದುಕೊಟ್ಟಿದ್ದರೆ ಗಾಬರಿಯಲ್ಲಿ ನೀವಾಗಿಯೇ ನಿಲ್ಲಿಸಬೇಡಿ. ಅವು ಮುಖ್ಯವಾಗಿ ನಿಮ್ಮ ಹಳೆಯ ಕೂದಲನ್ನು ಉಳಿಸಲಿಕ್ಕೆ. ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ ಫೋಟೋ ತೆಗೆದಿಡಿ.

ಸಾಮಾನ್ಯವಾಗಿ 3–4 ತಿಂಗಳಿಗೆ ಸಣ್ಣ ಎಳೆಗಳು ಕಾಣಿಸುತ್ತವೆ, ಪೂರ್ತಿ ಫಲಕ್ಕೆ 12 ತಿಂಗಳು ಬೇಕು. ಎಷ್ಟು ಬುಡ ಬದುಕಿವೆ ಎಂದು ಈಗಲೇ ಯಾರೂ ಹೇಳಲಾರರು. 6 ತಿಂಗಳಾದರೂ ಏನೂ ಮೊಳೆಯದಿದ್ದರೆ ಆ ಫೋಟೋಗಳನ್ನು ಹಿಡಿದು ಸರ್ಜನ್ ಬಳಿ ಹೋಗಿ.