ಆತ ಏನು ಹಾಡಿದ ಅಂತ ಬರೆಯಿರಿ

ಪ್ರಿಯರೇ,

‘ಅಲ್ತಾಯ್ ಬೆಟ್ಟಗಳ ಗಂಟಲ ನಾದ’ ಎಂಬ ನಿಮ್ಮ ಲೇಖನ ತಲುಪಿತು. ಓದಿ ಮುಗಿಸಿದ ಮೇಲೆ ಬೇರೆ ಕೆಲಸಕ್ಕೆ ಮನಸ್ಸು ಬರಲಿಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ಮೊದಲು ಒಳ್ಳೆಯ ಮಾತು. ನಿಮ್ಮ ಕನ್ನಡ ತಿಳಿಯಾಗಿದೆ. ದಕ್ಷಿಣ ಸೈಬೀರಿಯಾದ, ರಷ್ಯಾಕ್ಕೆ ಸೇರಿದ ಅಲ್ತಾಯ್ ಗಣರಾಜ್ಯದ ಹಾಡುಗಾರರ ಬಗ್ಗೆ ಬರೆಯಲು ಹೊರಟಿದ್ದೀರಿ, ಸಂತೋಷ. ತೊಪ್ಶೂರ್ ವಾದ್ಯದ ಪ್ಯಾರಾ ಚೆನ್ನಾಗಿದೆ: ಸೀಡರ್ ಮರ ಕೊರೆದು ಮಾಡಿದ ಒಡಲು, ಕುದುರೆ ಕೂದಲಿನ ಎರಡೇ ತಂತಿ. ಅದನ್ನು ಹಾಗೇ ಇಡಿ. ಆದರೆ ಲೇಖನವನ್ನು ಈಗಿರುವ ಹಾಗೆ ಅಚ್ಚು ಹಾಕಲು ನನ್ನಿಂದ ಆಗುವುದಿಲ್ಲ. ಎರಡು ವಿಷಯ ಚುಚ್ಚುತ್ತಿವೆ. ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಮೂರನೇ ಪುಟದಲ್ಲಿ ನಿಮ್ಮ ಮಾತು ಹೀಗಿದೆ: “ಆತ ಏನು ಹಾಡುತ್ತಾನೆ ಎಂಬುದು ಮುಖ್ಯವಲ್ಲ. ಆ ದನಿಯೇ ಎಲ್ಲವನ್ನೂ ಹೇಳಿಬಿಡುತ್ತದೆ.”

ಇದನ್ನು ಓದಿ ನನಗೆ ಸಿಟ್ಟು ಬಂತು. ಕಾಯ್ ಎಂದರೆ ಗಂಟಲ ಆಳದಿಂದ ಒತ್ತಿ ತೆಗೆಯುವ ಗಡಸು ದನಿ, ಸರಿ. ಮೊದಲ ಸಲ ಕೇಳಿದಾಗ ಮೈ ಜುಮ್ಮೆನ್ನುತ್ತದೆ, ಅದೂ ಸರಿ. ಯೂಟ್ಯೂಬಿನಲ್ಲಿ ಕೇಳಿ ನೀವು ಬೆರಗಾದದ್ದು ನಿಜವಾದ ಬೆರಗೇ. ಆದರೆ ಆ ದನಿಯಲ್ಲಿ ಆತ ಕಥೆ ಹೇಳುತ್ತಿದ್ದಾನೆ. ಕಾಯ್‌ನಲ್ಲಿ ಕಥೆ ಹೇಳುವವನು, ಅದಕ್ಕೇ ಕಾಯ್ಚಿ. ಎದುರಿಗೆ ಕೂತವರಿಗೆ ಅವನ ಭಾಷೆ ಗೊತ್ತು. ಮುಂದೇನಾಯಿತು ಅಂತ ತಿಳಿಯಲು ಅವರು ಕೂತಿದ್ದಾರೆ. ಭಾಷೆ ಬರದ ನಮಗೆ ಮಾತ್ರ ಬರೀ ದನಿ ಉಳಿಯುತ್ತದೆ. ನಮ್ಮ ಕಿವಿಯ ಕೊರತೆಯನ್ನು ಅವರ ಕಲೆಯ ಗುಣ ಅಂತ ಬರೆಯಬಾರದು, ಅಲ್ವಾ?

‘ಮಾದಾಯ್-ಕಾರಾ’ ಕಾವ್ಯದ ಹೆಸರನ್ನು ಒಂದು ಕಡೆ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ಆ ಕಥೆಯ ಆರಂಭ ನೋಡಿ. ನೂರು ಕೊಂಬೆಯ ಒಂದು ಪಾಪ್ಲರ್ ಮರ ನಿಂತಿದೆ. ತುದಿಯಲ್ಲಿ ಎರಡು ಕೋಗಿಲೆ. ನಡುವೆ ಎರಡು ಹದ್ದು. ಬುಡದಲ್ಲಿ ಎರಡು ನಾಯಿ. ಹಾಡುವವನು ಕೇಳುವವರ ಕಣ್ಣನ್ನು ಮರದ ತುದಿಯಿಂದ ಮೆಲ್ಲಗೆ ನೆಲಕ್ಕೆ ಇಳಿಸುತ್ತಾನೆ. ಆಮೇಲೆ ಆ ನೆಲದ ಮೇಲೆ ಮನುಷ್ಯರನ್ನು ತರುತ್ತಾನೆ. ಸಾಲುಗಳು ಏಳೆಂಟು ಅಕ್ಷರದ ಚಿಕ್ಕ ಸಾಲುಗಳು. ನಮ್ಮ ಹಳೆಯ ಕಾವ್ಯಗಳಲ್ಲಿ ಸಾಲಿನ ಎರಡನೇ ಅಕ್ಷರ ಪ್ರಾಸ ಕೂಡುತ್ತದೆ. ಅಲ್ಲಿ ಮೊದಲ ಅಕ್ಷರವೇ ಒಂದಕ್ಕೊಂದು ಕೂಡುತ್ತದೆ. ಕತ್ತಲಲ್ಲಿ ಕೂತು ಹಾಡುವವನಿಗೆ ಮುಂದಿನ ಸಾಲು ಹಿಡಿಯಲು ಅದು ಎಷ್ಟು ಆಸರೆ ಅಂತ ಯೋಚಿಸಿ.

ಕಥೆ ಇಷ್ಟು. ಮಾದಾಯ್-ಕಾರಾ ಮುದುಕ. ಒಂದು ಕಾಲಕ್ಕೆ ವೀರ, ಈಗ ಮೈಯಲ್ಲಿ ಕಸುವಿಲ್ಲ. ಮುಪ್ಪಿನಲ್ಲಿ ಗಂಡು ಮಗು ಹುಟ್ಟುತ್ತದೆ. ಅದೇ ಹೊತ್ತಿಗೆ ಕಾರಾ-ಕುಲಾ ಎಂಬ ದೊರೆ ದಂಡೆತ್ತಿ ಬರುತ್ತಿದ್ದಾನೆ. ಮಗು ಅವನ ಕೈಗೆ ಸಿಕ್ಕರೆ ಉಳಿಯುವುದಿಲ್ಲ. ಮುದುಕ ತೊಟ್ಟಿಲನ್ನು ಹೊತ್ತು ಕಪ್ಪು ಬೆಟ್ಟಕ್ಕೆ ಒಯ್ಯುತ್ತಾನೆ. ಬರ್ಚ್ ಮರದ ಕೆಳಗೆ ತೊಟ್ಟಿಲಿಟ್ಟು, ಮರದ ರಸ ತೊಟ್ಟು ತೊಟ್ಟಾಗಿ ಮಗುವಿನ ಬಾಯಿಗೆ ಇಳಿಯುವಂತೆ ಮಾಡುತ್ತಾನೆ. ಇನ್ನು ಈ ಬೆಟ್ಟವೇ ನಿನ್ನಪ್ಪ, ಈ ಮರವೇ ನಿನ್ನವ್ವ ಎಂಬ ಅರ್ಥದ ಮಾತು ಹೇಳಿ ವಾಪಸ್ ಹೊರಡುತ್ತಾನೆ. ಅವನನ್ನೂ ಅವನ ಜನರನ್ನೂ ದನಕರುಗಳನ್ನೂ ಕಾರಾ-ಕುಲಾ ಹೊಡೆದುಕೊಂಡು ಹೋಗುತ್ತಾನೆ.

ಆ ಗಡಸು ದನಿಯಲ್ಲಿ ಆತ ಹಾಡುತ್ತಿರುವುದು ಇದನ್ನು. ಹೆತ್ತ ಮಗುವನ್ನು ಬೆಟ್ಟದಲ್ಲಿ ಬಿಟ್ಟು ಬರುವ ಅಪ್ಪನನ್ನು. ಇದು ಮುಖ್ಯವಲ್ಲವೇ?

ಮಗು ಬದುಕುತ್ತದೆ. ಅಲ್ತಾಯ್ ನೆಲದ ಒಡತಿಯಾದ ಮುದುಕಿ ಸಾಕುತ್ತಾಳೆ. ಕೋಗುದೇಯ್-ಮೆರ್ಗೆನ್ ಎಂದು ಹೆಸರಾಗುತ್ತದೆ. ಬೆಳೆದು ಅಪ್ಪ ಅವ್ವನನ್ನು ಬಿಡಿಸಿಕೊಳ್ಳುತ್ತಾನೆ, ಪಾತಾಳದ ಎರ್ಲಿಕ್‌ನ ಜೊತೆ ಸೆಣಸುತ್ತಾನೆ, ಕೊನೆಗೆ ಹೆಂಡತಿಯ ಜೊತೆ ಆಕಾಶ ಸೇರಿ ನಕ್ಷತ್ರವಾಗುತ್ತಾನೆ. ಇದರಲ್ಲಿ ಒಂದು ಸಾಲೂ ನಿಮ್ಮ ಲೇಖನದಲ್ಲಿಲ್ಲ. ಬದಲಿಗೆ “ಬ್ರಹ್ಮಾಂಡದ ಸ್ಪಂದನ” ಇದೆ. ಯಾವ ದೇಶದ ಯಾವ ಸಂಗೀತಕ್ಕೆ ಬೇಕಾದರೂ ಅಂಟಿಸಬಹುದಾದ ಮಾತು ಅದು. ತೆಗೆದುಬಿಡಿ.

ಇನ್ನೊಂದು ನೋಡಿ. ಕಥೆಯನ್ನು ಅರ್ಧಕ್ಕೆ ಬಿಡಬಾರದು, ಮೊಟಕು ಮಾಡಿದರೆ ಹಾಡುವವನ ಆಯಸ್ಸೂ ಮೊಟಕಾಗುತ್ತದೆ ಎಂಬ ನಂಬಿಕೆ ಆ ಕಡೆ ಇದೆ. ಬೇಟೆಗೆ ಹೋಗುವವರು ಕಾಯ್ಚಿಯನ್ನು ಕಾಡಿಗೆ ಕರೆದುಕೊಂಡು ಹೋಗುತ್ತಿದ್ದರು. ರಾತ್ರಿ ಬೆಂಕಿಯ ಪಕ್ಕ ಆತ ಹಾಡಿದರೆ ಕಾಡಿನ ಒಡೆಯ ಕೂತು ಕೇಳುತ್ತಾನೆ, ಖುಷಿಯಾದರೆ ಬೇಟೆ ಕೊಡುತ್ತಾನೆ. ಈ ಸಂಗತಿಯನ್ನು ನೀವೂ ಬರೆದಿದ್ದೀರಿ. ಆದರೆ ಅದರಿಂದ ಏನು ತಿಳಿಯುತ್ತದೆ ಅಂತ ಕೇಳಿಕೊಂಡಿಲ್ಲ. ಬರೀ ದನಿಯನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಕಥೆಯನ್ನು ಹಾಗೆ ನಿಲ್ಲಿಸಲು ಬರುವುದಿಲ್ಲ. ಕಾಡಿನ ಒಡೆಯನಿಗೂ ಮುಂದೇನಾಯಿತು ಅಂತ ಗೊತ್ತಾಗಬೇಕು.

ನಾನು ಈ ಕೆಲಸ ಕಲಿತದ್ದು ಒಬ್ಬ ಜಾನಪದ ಮೇಷ್ಟ್ರ ಕೈಕೆಳಗೆ. ಕೊಳ್ಳೇಗಾಲದ ಕಡೆಯ ಕಂಸಾಳೆಯವರು ಮಹದೇಶ್ವರನ ಕಥೆ ಹಾಡಿದ ಕ್ಯಾಸೆಟ್ಟುಗಳನ್ನು ಕೇಳಿ ಬರೆದುಕೊಳ್ಳುವುದು ನನ್ನ ಪಾಲಿನ ಕೆಲಸ. ಕಂಸಾಳೆಯ ಸದ್ದು ಮಾತನ್ನು ನುಂಗಿಬಿಡುತ್ತಿತ್ತು. ಒಂದು ಪದಕ್ಕಾಗಿ ಹಿಂದೆ ಓಡಿಸಿ, ಮುಂದೆ ಓಡಿಸಿ, ಬಟನ್ ಒತ್ತಿ ಒತ್ತಿ ಬೆರಳು ನೋಯುತ್ತಿತ್ತು. ‘ಸೊಲ್ಲು ಮುಂದುವರಿಯುತ್ತದೆ’ ಎಂದು ಬರೆದು ಮುಂದೆ ಹೋಗಲು ಮೇಷ್ಟ್ರು ಬಿಡುತ್ತಿರಲಿಲ್ಲ. ಹಿಮ್ಮೇಳದವರು ಎಷ್ಟು ಸಲ ಸೊಲ್ಲು ಎತ್ತಿಕೊಂಡರೋ ಅಷ್ಟು ಸಲವೂ ಬರೆಯಬೇಕು. ಜನ ನಕ್ಕರೆ ನಕ್ಕರು ಅಂತ ಬರೆಯಬೇಕು. ಯಾರೋ ಮುದುಕಿ ‘ಅಯ್ಯೋ ನನ್ನಪ್ಪ’ ಅಂದರೆ ಅದನ್ನೂ. ಟೇಪಿನಲ್ಲಿ ಮಗು ಅತ್ತಾಗ, ಕಥೆ ಎಲ್ಲಿತ್ತು, ಆಗ ಹಾಡುವವರು ದನಿ ತಗ್ಗಿಸಿದರೋ ಎತ್ತರಿಸಿದರೋ ಅಂತ ಕೇಳುತ್ತಿದ್ದರು. ಆಗ ನನಗೆ ಇದು ಜಾಸ್ತಿಯಾಯಿತು ಅನ್ನಿಸುತ್ತಿತ್ತು. ಆದರೆ ಹಾಗೆ ಬರೆದ ಹಾಳೆಗಳನ್ನು ಇವತ್ತು ತೆಗೆದರೂ ಆ ರಾತ್ರಿ ಯಾವ ಮಾತಿಗೆ ಯಾರು ಕರಗಿದರು ಅಂತ ಗೊತ್ತಾಗುತ್ತದೆ. ನಿಮ್ಮ ಲೇಖನದಲ್ಲಿ ಕೇಳುವ ಒಬ್ಬ ಮನುಷ್ಯನೂ ಇಲ್ಲ. ಮಂಜು ಇದೆ, ಬೆಟ್ಟ ಇದೆ, ಗಂಟಲು ಇದೆ.

ಹಾಡುವವನಿಗೂ ಹೆಸರಿಲ್ಲ. “ಹೆಸರೇ ಇಲ್ಲದ ಒಬ್ಬ ಮುದುಕ” ಎಂದು ಬರೆದಿದ್ದೀರಿ. ಹೆಸರುಗಳು ಇವೆ. ನಿಕೊಲಾಯ್ ಉಲಗಾಶೆವ್, 1861ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡವರು. ಕಣ್ಣು ಕಾಣದವರು. ಅವರ ಬಾಯಿಂದ ಕಥೆಗಳನ್ನು ಬರೆದುಕೊಂಡವರಲ್ಲಿ ಅಲ್ತಾಯ್ ಭಾಷೆಯ ಲೇಖಕ ಪಾವೆಲ್ ಕುಚಿಯಾಕ್ ಮುಖ್ಯರು. ಇನ್ನೊಬ್ಬರು ಉಲಗಾನ್ ಕಡೆಯ ಅಲೆಕ್ಸೇಯ್ ಕಾಲ್ಕಿನ್, 1925ರಿಂದ 1998ರವರೆಗೆ ಬದುಕಿದವರು. ಮೇಲೆ ಹೇಳಿದ ‘ಮಾದಾಯ್-ಕಾರಾ’ ಅವರು ಹಾಡಿದ್ದು. ಅದನ್ನು ದಾಖಲಿಸಿದವರು ಸಾಜೋನ್ ಸುರಜಾಕೊವ್ ಎಂಬ ವಿದ್ವಾಂಸರು. 1973ರಲ್ಲಿ ಮಾಸ್ಕೋದಲ್ಲಿ ರಷ್ಯನ್ ಅನುವಾದದ ಜೊತೆ ಅಚ್ಚಾಯಿತು. ಒಟ್ಟು 7,738 ಸಾಲು. ಇಷ್ಟು ದೊಡ್ಡ ಕೆಲಸ ಮಾಡಿದ ಮನುಷ್ಯನನ್ನು ಹೆಸರಿಲ್ಲದ ಮುದುಕ ಅನ್ನುವುದು ಸರಿಯಲ್ಲ. ಹೆಸರು ಅಳಿಸಿದರೆ ನಿಗೂಢತೆ ಹೆಚ್ಚುತ್ತದೆ ಅಂತ ನಮಗೆ ಅನ್ನಿಸುತ್ತದೆ. ಅವರ ಊರಿನವರು ಓದಿದರೆ ಏನನ್ನಿಸುತ್ತದೆ, ಅದನ್ನು ಯೋಚಿಸಿ.

ಇನ್ನು ಎರಡನೆಯ ವಿಷಯ. ಐದನೇ ಪುಟ: “ಹೀಗೆ ಡೋಲು ಬಾರಿಸುತ್ತಾ ಈ ಶಾಮನ್‌ಗಳು ತಮ್ಮ ವೀರರ ಕಥೆ ಹಾಡುತ್ತಾರೆ.”

ಡೋಲು ಕಾಯ್ಚಿಯದಲ್ಲ. ನೀವೇ ಮೊದಲ ಪುಟದಲ್ಲಿ ಅವನ ಕೈಗೆ ತೊಪ್ಶೂರ್ ಕೊಟ್ಟಿದ್ದೀರಿ, ಐದನೇ ಪುಟಕ್ಕೆ ಬರುವಾಗ ಅದು ಡೋಲಾಗಿದೆ. ಡೋಲು ಹಿಡಿಯುವವನು ಬೇರೆ, ನೀವು ಶಾಮನ್ ಅನ್ನುವುದು ಅವನನ್ನು, ಅಲ್ಲಿ ಕಾಮ್ ಎನ್ನುತ್ತಾರೆ. ರೋಗ ಬಂದಾಗ, ಬಲಿ ಕೊಡುವಾಗ ಅವನನ್ನು ಕರೆಸುತ್ತಾರೆ. ಡೋಲು ಅವನಿಗೆ ವಾಹನ. ಅದನ್ನೇರಿ ಆತ ಮೇಲಿನ ಲೋಕದ ದೇವರು ಉಲ್ಗೆನ್ ಕಡೆಗೋ ಕೆಳಗಿನ ಎರ್ಲಿಕ್ ಕಡೆಗೋ ತಾನೇ ಹೋಗುತ್ತಾನೆ. ಕಾಯ್ಚಿ ಕೋಗುದೇಯ್-ಮೆರ್ಗೆನ್ ಎರ್ಲಿಕ್ ಬಳಿ ಹೋದ ಕಥೆ ಹೇಳುತ್ತಾನೆ. ಒಬ್ಬ ಹೋಗುವವನು, ಇನ್ನೊಬ್ಬ ಹೋದವನ ಕಥೆ ಹೇಳುವವನು. ಇಬ್ಬರ ನಡುವೆ ಗೋಡೆ ಇದೆ ಅಂತ ನಾನು ಹೇಳುತ್ತಿಲ್ಲ. ಕಾಯ್‌ಗೂ ಒಂದು ಒಡೆಯ ಶಕ್ತಿ ಇದೆ, ಅದು ಒಲಿದ ಕಾಯ್ಚಿಯೇ ದೊಡ್ಡವನು ಎಂದು ಅಲ್ಲಿಯ ಜನ ನಂಬುತ್ತಾರೆ. ಆ ಹತ್ತಿರವನ್ನು ಬರೆಯಬೇಕು ಅಂದರೂ ಮೊದಲು ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಬೇಕು.

ಇದು ಸುಮ್ನೆ ಹೆಸರಿನ ತಕರಾರು ಅಂತ ಅಂದುಕೊಳ್ಳಬೇಡಿ. ಡೋಲಿಗಾಗಿ ಅಲ್ಲಿ ಜನ ಹೊಡೆದಾಡಿದ್ದಾರೆ. 1904ರಲ್ಲಿ ಚೆತ್ ಚೆಲ್ಪಾನ್ ಎಂಬ ಕುರಿಗಾಹಿಯ ಸಾಕುಮಗಳು ಚುಗುಲ್, ಬಿಳಿ ಕುದುರೆಯ ಮೇಲೆ ಬಿಳಿ ಬಟ್ಟೆಯ ಸವಾರ ಕಾಣಿಸಿದ, ದಂತಕಥೆಯ ದೊರೆ ಓಯ್ರೊತ್ ಖಾನ್ ಮತ್ತೆ ಬರುತ್ತಾನೆ ಎಂದ ಅಂತ ಹೇಳಿದಳು. ಸಾವಿರಾರು ಜನ ತೆರೆಂಗ್ ಕಣಿವೆಯಲ್ಲಿ ಸೇರಿದರು. ರಕ್ತದ ಬಲಿ ಬೇಡ, ಹಾಲು ಚಿಮುಕಿಸಿ, ಜೂನಿಪರ್ ಹೊಗೆ ಹಾಕಿ ಎಂದರು. ಕಾಮ್‌ಗಳನ್ನು ದೂರವಿಟ್ಟರು, ಅವರ ಡೋಲುಗಳನ್ನು ಸುಟ್ಟರು. ಅದೇ ಬೇಸಿಗೆಯಲ್ಲಿ ಪೊಲೀಸರೂ ಸುತ್ತಲಿನ ಗುಂಪುಗಳೂ ಸೇರಿ ಆ ಜನರನ್ನು ಹೊಡೆದು ಚದುರಿಸಿದರು. ಚೆಲ್ಪಾನ್ ಮೇಲೆ ಮೊಕದ್ದಮೆ ನಡೆದು 1906ರಲ್ಲಿ ಬಿಡುಗಡೆಯಾಯಿತು. ಈ ಹೊಸ ದಾರಿಯವರಿಗೆ ತಮ್ಮದೇ ಹಾಡುಗಳಿದ್ದವು. ಅಲ್ತಾಯ್ ನೆಲವನ್ನು ಹರಸುವ, ಬೇಡುವ ಮಾತುಗಳಿಗೆ ಅಲ್ಕಿಶ್ ಎನ್ನುತ್ತಾರೆ. ಎಲೆ ಚಿಗುರುವಾಗ ಒಂದು, ಎಲೆ ಹಳದಿಯಾಗುವಾಗ ಒಂದು ಪೂಜೆ. ಕಲ್ಲಿನ ಪೀಠದ ಮುಂದೆ ಹಾಲು ಚಿಮುಕಿಸಿ, ಬರ್ಚ್ ಮರಕ್ಕೆ ಬಟ್ಟೆಯ ಪಟ್ಟಿ ಕಟ್ಟಿ ಅಲ್ಕಿಶ್ ಹೇಳುತ್ತಾರೆ. ಅಲ್ಲಿ ಡೋಲು ಇಲ್ಲ. ನಿಮ್ಮ ವಾಕ್ಯ ಇವರೆಲ್ಲರನ್ನೂ ಒಂದೇ ಡೋಲಿನ ಹಿಂದೆ ನಿಲ್ಲಿಸುತ್ತದೆ.

ಸೋವಿಯತ್ ಕಾಲದಲ್ಲಿ ಈ ವ್ಯತ್ಯಾಸ ಜೀವದ ಪ್ರಶ್ನೆಯಾಯಿತು. ಕಾಮ್‌ಗಳ ಡೋಲು ಕಿತ್ತುಕೊಂಡರು, ಅವರಲ್ಲಿ ಬಹಳ ಜನರನ್ನು ಹಿಡಿದು ಹಾಕಿದರು. ಹೊಸ ದಾರಿಯ ಪೂಜೆಗಳಿಗೂ ಅದೇ ಗತಿ. ಕಾಯ್ಚಿಗಳ ಕಥೆ ಮಾತ್ರ ಜನರ ಸಾಹಿತ್ಯ ಅಂತ ಅಚ್ಚಾಯಿತು. ಉಲಗಾಶೆವ್ ಹೇಳಿದ ‘ಅಲ್ತಾಯ್-ಬುಚಾಯ್’ 1941ರಲ್ಲಿ ನೊವೊಸಿಬಿರ್ಸ್ಕ್‌ನಲ್ಲಿ ಪುಸ್ತಕವಾಗಿ ಬಂತು. ಹಾಗಾಗಿ ಒಬ್ಬ ಕಾಯ್ಚಿಯನ್ನು ಶಾಮನ್ ಎಂದು ಕರೆಯುವುದು ಆಗ ಸಣ್ಣ ಮಾತಾಗಿರಲಿಲ್ಲ.

ಈಗ ಮಾಡಬೇಕಾದ್ದು. ಮೂರನೇ ಪುಟ ಪೂರ್ತಿ ತೆಗೆಯಿರಿ. ಅಲ್ಲಿ ಬರ್ಚ್ ಮರದ ಕೆಳಗೆ ತೊಟ್ಟಿಲಿಡುವ ಭಾಗವನ್ನು ನಿಮ್ಮದೇ ಕನ್ನಡದಲ್ಲಿ ಹೇಳಿ, ಒಂದು ಪುಟ ಆದರೂ ಪರವಾಗಿಲ್ಲ. ಪದ್ಯ ಮಾಡಲು ಹೋಗಬೇಡಿ, ಮನೆಯಲ್ಲಿ ಮಕ್ಕಳಿಗೆ ಹೇಳುವ ಹಾಗೆ ಹೇಳಿ. ಆಮೇಲೆ ಕಾಲ್ಕಿನ್ ಧ್ವನಿಮುದ್ರಿಕೆ ಮತ್ತೆ ಕೇಳಿ, ಒಂದು ಸಾಲು ಮುಗಿದು ಇನ್ನೊಂದು ಸಾಲು ಶುರುವಾಗುವ ನಡುವೆ ತೊಪ್ಶೂರ್ ಏನು ಮಾಡುತ್ತದೆ ಅಂತ ಗಮನಿಸಿ ಬರೆಯಿರಿ. ಐದನೇ ಪುಟದಲ್ಲಿ ಕಾಮ್‌ಗಳ ಬಗ್ಗೆ ಬರೆಯಲೇಬೇಕು ಅನ್ನಿಸಿದರೆ ಅದನ್ನು ಬೇರೆ ಲೇಖನ ಮಾಡಿ, ಅದನ್ನೂ ಓದುತ್ತೇನೆ. ತಿಂಗಳ ಕೊನೆಯೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ತೆಗೆದುಕೊಳ್ಳಬಹುದು. ತಡವಾದರೆ ಅದರ ಮುಂದಿನದಕ್ಕೆ. ಅವಸರ ಮಾಡಬೇಡಿ.

ವಿಶ್ವಾಸದಿಂದ,
ಸಂಪಾದಕ