ಹಾಡು ಕೇಳಿ ಬೆಳೆದವರು ಯಾವ ಕವಿಯಿಂದ ಓದು ಆರಂಭಿಸಬೇಕು?

ಪ್ರಶ್ನೆ: ಭಾವಗೀತೆಗಳನ್ನೂ ಚಿತ್ರಗೀತೆಗಳನ್ನೂ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ. ಆದರೆ ಒಂದು ಕವನ ಸಂಕಲನವನ್ನೂ ಪೂರ್ತಿಯಾಗಿ ಓದಿದವನಲ್ಲ. ಯಾರಿಂದ ಆರಂಭಿಸಲಿ? ಸಿನಿಮಾಕ್ಕೆ ಹಾಡು ಬರೆಯುವವರನ್ನೂ ಕವಿಗಳೆಂದು ಓದಬಹುದೇ? ತಮಗೆ ಮೆಚ್ಚಿನವರ ಹೆಸರುಗಳನ್ನು ತಿಳಿಸಿ.

ಉತ್ತರ: ತಮಗೆ ಈಗಾಗಲೇ ಬಾಯಿಪಾಠವಾಗಿರುವ ಹಾಡುಗಳಿಂದಲೇ ಆರಂಭಿಸಿ. ಅವುಗಳ ಪೂರ್ಣಪಾಠವನ್ನು ಸಂಕಲನದಲ್ಲಿ ಹುಡುಕಿ ತೆಗೆದು, ರಾಗವನ್ನು ಬದಿಗಿಟ್ಟು, ಎದುರಿಗಿರುವವರೊಡನೆ ಮಾತಾಡುವ ಧಾಟಿಯಲ್ಲಿ ಗಟ್ಟಿಯಾಗಿ ಓದಿ. ಗಾಯಕರು ಎಷ್ಟೋ ಸಲ ಕೆಲವು ನುಡಿಗಳನ್ನು ಬಿಟ್ಟು ಹಾಡಿರುತ್ತಾರೆ. ಬಿಟ್ಟುಹೋದ ಆ ನುಡಿಗಳು ಪುಟದ ಮೇಲೆ ಸಿಕ್ಕಾಗ, ಗೊತ್ತೆಂದುಕೊಂಡಿದ್ದ ಹಾಡು ಹೊಸದಾಗಿ ಎದುರು ನಿಲ್ಲುತ್ತದೆ.

ಮೊದಲ ಹೆಸರು ಕೆ.ಎಸ್. ನರಸಿಂಹಸ್ವಾಮಿ. 1942ರಲ್ಲಿ ಪ್ರಕಟವಾದ ‘ಮೈಸೂರು ಮಲ್ಲಿಗೆ’ಯ ಹಲವು ಕವಿತೆಗಳು ತಮ್ಮ ಕಿವಿಗೆ ಹಳೆಯ ಪರಿಚಯವೇ ಆಗಿರುತ್ತವೆ. ರಾಯರು ಮಾವನ ಮನೆಗೆ ಬರುವ ಕವಿತೆಯನ್ನು ನಿಧಾನವಾಗಿ ಓದಿ. ಉಪಚಾರವೆಲ್ಲ ನಡೆಯುತ್ತದೆ, ಹೆಂಡತಿ ಮಾತ್ರ ಕಾಣಿಸುವುದಿಲ್ಲ. ಕಾರಣವಾಗಿ ‘ಪದುಮಳು ಒಳಗಿಲ್ಲ’ ಎಂಬಷ್ಟೇ ಮಾತು ಬರುತ್ತದೆ. ‘ಇಲ್ಲ’ ಎನ್ನದೆ ‘ಒಳಗಿಲ್ಲ’ ಎಂದದ್ದರಲ್ಲಿ ಮುಟ್ಟಾದ ಹೆಣ್ಣು ಹೊರಗಿರಬೇಕೆಂಬ ಅಂದಿನ ಮನೆಯ ಕಟ್ಟುಪಾಡು, ಹೇಳಲಾಗದ ಸಂಕೋಚ, ಅಳಿಯನ ನಿರಾಸೆ ಎಲ್ಲವೂ ಅಡಗಿವೆ. ಅಷ್ಟು ಸಾಮಾನ್ಯವಾದ ಒಂದು ಮಾತಿಗೆ ಅಷ್ಟು ಭಾರ ಹೊರಿಸಬಲ್ಲ ಕವಿ ಕಲಿಯುವ ಓದುಗನಿಗೆ ಒಳ್ಳೆಯ ಗುರು.

ಎರಡನೆಯವರು, ನನ್ನ ಮಟ್ಟಿಗೆ ಎಲ್ಲರಿಗಿಂತ ಮಿಗಿಲಾದವರು, ದ.ರಾ. ಬೇಂದ್ರೆ. ಅವರ ‘ನೀ ಹೀಂಗ ನೋಡಬ್ಯಾಡ ನನ್ನ’ ಎಂಬ ಹಾಡನ್ನು ನಾನು ಬಹಳ ಕಾಲ ವಿರಹದ ಹಾಡೆಂದೇ ತಿಳಿದಿದ್ದೆ. ಅದು ಮಗುವನ್ನು ಕಳೆದುಕೊಂಡ ತಂದೆ ಅಳಲೂ ಆಗದೆ ನಿಂತ ಹೆಂಡತಿಗೆ ಹೇಳುವ ಮಾತು ಎಂದು ತಿಳಿದ ದಿನ ಪುಸ್ತಕ ತೆಗೆದು ಕುಳಿತೆ. ಗಿಣಿ ಕಡಿದ ಹಣ್ಣಿನಂತೆ ಕೆಂಪಾಗಿದ್ದ ಅವಳ ತುಟಿಯ ಬಣ್ಣ ಯಾವ ಗಾಳಿಗೆ ಹಾರಿಹೋಯಿತೆಂದು ಅವನು ಕೇಳುತ್ತಾನೆ. ಮುಂದೆ ಹುಣ್ಣಿಮೆಯ ಚಂದ್ರನ ಹೆಣ ಹಗಲಿನ ಮುಗಿಲಿನಲ್ಲಿ ತೇಲಿ ಬರುತ್ತದೆ. ಹಗಲು ಹೊತ್ತು ಆಕಾಶದಲ್ಲಿ ಬೆಳ್ಳಗೆ ಉಳಿದುಬಿಟ್ಟ ಚಂದ್ರನನ್ನು ನಾವೆಲ್ಲರೂ ನೋಡಿದ್ದೇವೆ. ಅದನ್ನು ಹೆಣವೆಂದು ಕಂಡು, ಆ ತಾಯಿಯ ಮುಖದ ಪಕ್ಕದಲ್ಲಿಟ್ಟ ಕಣ್ಣು ಎಂಥದ್ದು! ಧಾರವಾಡದ ಆಡುಮಾತು ತೊಡಕೆನಿಸಿದರೆ ಗಾಬರಿಯಾಗಬೇಡಿ. ಬೇಂದ್ರೆಯವರನ್ನು ಕಣ್ಣಿನಿಂದ ಓದುವುದಕ್ಕಿಂತ ಬಾಯಿಂದ ಓದುವುದೇ ಸುಲಭ. ಆದರೆ 1973ರ ಜ್ಞಾನಪೀಠ ಪ್ರಶಸ್ತಿಗೆ ಕಾರಣವಾದ ‘ನಾಕುತಂತಿ’ಯನ್ನು ಮೊದಲೇ ಕೈಗೆತ್ತಿಕೊಳ್ಳಬೇಡಿ. ಅದು ಅವರ ಕವಿತೆಗಳ ಒಗ್ಗಿಕೆಯಾದ ಮೇಲೆ ಓದಬೇಕಾದದ್ದು.

ಶಿಶುನಾಳ ಶರೀಫರ ತತ್ತ್ವಪದಗಳನ್ನೂ ಬಿಡಬೇಡಿ. ಕೋಡಗವನ್ನು ಕೋಳಿ ನುಂಗುವ ಪದ ಮಕ್ಕಳ ಒಗಟಿನಂತೆ ಕೇಳಿಸುತ್ತ ಹೋಗಿ, ಕೊನೆಗೆ ಗೋವಿಂದ ಗುರುವಿನ ಪಾದದಲ್ಲಿ ತಲುಪುತ್ತದೆ.

ಇನ್ನು ಸಿನಿಮಾದ ಮಾತು. ಚಿತ್ರಗೀತೆಯನ್ನು ಕವಿತೆಯ ಅಳತೆಗೋಲಿನಿಂದಲೇ ಅಳೆದರೆ ಅದನ್ನು ಬರೆದವರಿಗೆ ಅನ್ಯಾಯವಾಗುತ್ತದೆ. ಭಾವಗೀತೆಯಲ್ಲಿ ಕವಿತೆ ಮೊದಲು ಹುಟ್ಟಿ ರಾಗ ಅದನ್ನು ಹಿಂಬಾಲಿಸುತ್ತದೆ. ಸಿನಿಮಾದಲ್ಲಿ ಹೆಚ್ಚಾಗಿ ಟ್ಯೂನ್ ಮೊದಲು ಸಿದ್ಧವಾಗಿರುತ್ತದೆ, ಗೀತರಚನಕಾರರು ಅದರ ಗುರು ಲಘುಗಳಿಗೂ ಕಥೆಯ ಸಂದರ್ಭಕ್ಕೂ ಒಪ್ಪುವ ಮಾತನ್ನು ಹುಡುಕಬೇಕಾಗುತ್ತದೆ. ಆ ಇಕ್ಕಟ್ಟಿನಲ್ಲಿಯೂ ಮನೆಮಾತಿನ ಸಹಜತೆಯನ್ನು ಉಳಿಸಿಕೊಂಡದ್ದು ಚಿ. ಉದಯಶಂಕರ್ ಅವರ ದೊಡ್ಡ ಸಾಧನೆ. ಜಯಂತ ಕಾಯ್ಕಿಣಿ ಅವರನ್ನಂತೂ ಎರಡೂ ಕಡೆಯಿಂದ ಓದಬಹುದು. 2006ರ ‘ಮುಂಗಾರು ಮಳೆ’ಯ ಹಾಡಿನಿಂದ ಅವರು ಮನೆಮಾತಾದರು, ಆದರೆ ಅವರ ಕವನ ಸಂಕಲನಗಳು ಎಪ್ಪತ್ತರ ದಶಕದಿಂದಲೇ ಬರುತ್ತಿದ್ದವು. ಅವರ ಹಾಡನ್ನು ಮೆಚ್ಚಿದ ಎಷ್ಟೋ ಮಂದಿ ಆ ಸಂಕಲನಗಳನ್ನು ತೆರೆದೂ ನೋಡಿಲ್ಲವೆಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಪ್ರಶ್ನೆ: ಕೆಲಸದ ನಡುವೆ ದೀರ್ಘ ಕವಿತೆಗಳನ್ನು ಓದಲು ಬಿಡುವಿರುವುದಿಲ್ಲ. ಚಿಕ್ಕವು ಯಾವುವು?

ಉತ್ತರ: ದಿನಕರ ದೇಸಾಯಿಯವರ ಚೌಪದಿಗಳು ನಾಲ್ಕೇ ಸಾಲಿನವು, ನೆನಪಿನಲ್ಲಿ ಉಳಿಯುವಂಥವು. ಇನ್ನೂ ಚಿಕ್ಕದು ಬೇಕೆಂದರೆ ಹಲಸಂಗಿ ಎಂಬ ಊರಿನ ಗೆಳೆಯರ ಬಳಗ ಸಂಗ್ರಹಿಸಿದ ‘ಗರತಿಯ ಹಾಡು’ ಓದಿ. ಬೀಸುವಾಗ, ಕುಟ್ಟುವಾಗ ಹೆಣ್ಣುಮಕ್ಕಳು ಹಾಡಿಕೊಂಡ ಮೂರು ಸಾಲಿನ ತ್ರಿಪದಿಗಳು ಅಲ್ಲಿವೆ. ಕಟ್ಟಿದವರ ಹೆಸರು ಒಂದಕ್ಕೂ ಇಲ್ಲ. ದಿನಕ್ಕೆ ಒಂದನ್ನೇ ಓದಿ, ಸಂಜೆಯವರೆಗೆ ಬಾಯಲ್ಲಿ ಗುನುಗಿಕೊಳ್ಳಿ.